ಉಸ್ತಾದರ ಅಂಗಾಲು

ನಾನು ಕಂಡ ಮನುಷ್ಯರಲ್ಲೆಲ್ಲ ಅತಿ ಅಂಜುಬುರುಕರೆಂದರೆ ರಾಯಚೂರಿನ ಒಬ್ಬ ಮೋಟಾರು ಮೆಕ್ಯಾನಿಕ್. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಹೆಸರು ಗೊತ್ತಿದೆ, ಬರೆಯುವುದಿಲ್ಲ. ಗ್ಯಾರೇಜಿಗೆ ಒಂದು ಬೋರ್ಡು ಹಾಕಿಸಲೂ ಒಪ್ಪದ ಮನುಷ್ಯನ ಹೆಸರನ್ನು ಅಚ್ಚು ಹಾಕಿಸುವುದು ಬ್ಯಾಡ್ ಮ್ಯಾನರ್ಸ್.

"ಬೋರ್ಡ್ ನೋಡಿ ಬರೋರು ನಕ್ಕೋ, ಬ್ಯಾಡ್ರಿ ಡಾಕ್ಟ್ರಮ್ಮಾ," ಎಂದಿದ್ದರು ಒಮ್ಮೆ. "ಗುರ್ತಿಲ್ಲದವರ ಗಾಡಿ ಮಾಡಿಕೊಟ್ರ, ಅದು ಊರು ಮುಟ್ಟಿತೋ ಇಲ್ಲೋ ಅಂತ ಯಾರನ್ನ ಕೇಳ್ಲಿ?"

ನಾನು ಡಾಕ್ಟರಲ್ಲ, ಡಾಕ್ಟರ ಹೆಂಡತಿ. ಅಷ್ಟಕ್ಕೇ ರಾಯಚೂರು ನನ್ನನ್ನು ಡಾಕ್ಟ್ರಮ್ಮಾ ಮಾಡಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಉಸ್ತಾದರು ಹೋದರು. ಆ ದಿನ ಅವರ ಮನೆಯ ಒಳಕೋಣೆಯಲ್ಲಿ ಹೆಂಗಸರ ನಡುವೆ ಚಾಪೆಯ ಮೇಲೆ ಕೂತಿದ್ದೆ. ಒಬ್ಬೊಬ್ಬರೂ ಅವರ ಬಗ್ಗೆ ಏನಾದರೂ ಒಂದು ಮಾತು ಹೇಳುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಿದಾಗ ನನಗೆ ಉರ್ದು ಬರಲಿಲ್ಲ, ಕನ್ನಡ ಹೊರಡಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ಯಾರಿಗೆ ತಿಳಿಯಬೇಕು? ಸೆರಗಿನ ತುದಿ ಸುತ್ತುತ್ತ ಸುಮ್ಮನೆ ಎದ್ದು ಬಂದೆ. ಅಂದು ಹೇಳದೆ ಉಳಿದದ್ದನ್ನು ಈಗ, ಮೂರು ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುವ ವಯಸ್ಸಿನಲ್ಲಿ, ಬರೆಯುತ್ತಿದ್ದೇನೆ.

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಒಬ್ಬ ಸಿಸ್ಟರ್ ಇದ್ದರು. ಯಾವ ಹುಡುಗಿ ಯಾವುದಕ್ಕೆ ಹೆದರಿದರೂ "ಫಿಯರ್ ಈಸ್ ವಾಂಟ್ ಆಫ್ ಫೇತ್, ಚೈಲ್ಡ್" ಎಂದು ಗಲ್ಲ ತಟ್ಟುವರು. ಹೆದರುವುದೆಂದರೆ ದೇವರಲ್ಲಿ ನಂಬಿಕೆಯ ಕೊರತೆ, ಒಂದು ಸಣ್ಣ ಪಾಪ ಎಂದೇ ತಿಳಿದು ಬೆಳೆದೆ. ಉಸ್ತಾದರ ಥಿಯಾಲಜಿ ಬೇರೆ. "ಅಂಜಿಕಿ ಇಲ್ದಾವನ ಕೈಯಾಗ ಪಾನಾ ಕೊಡಬಾರದ್ರಿ" ಎನ್ನುತ್ತಿದ್ದರು. ಪಾನಾ ಎಂದರೆ ನಮ್ಮ ಕಡೆ ಸ್ಪ್ಯಾನರು.

ಅವರ ಅಂಜಿಕೆಯ ಕತೆಗಳು ಊರಿಗೆಲ್ಲ ನಗೆ. ಬಸ್ಸು ಹತ್ತಿದರೆ ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು, ಅವನು ಗೇರು ಬದಲಿಸುವಾಗಲೆಲ್ಲ ತಾವೂ ಎಡಗಾಲನ್ನು ನೆಲಕ್ಕೆ ಒತ್ತುವರು. ಒಮ್ಮೆ ದೇವದುರ್ಗದ ಬಸ್ಸಿನ ಡ್ರೈವರು ತಿರುಗಿ, "ಉಸ್ತಾದ್, ನೀವೂ ಒತ್ತಿ ನಾನೂ ಒತ್ತಿದ್ರ ಗಾಡಿ ಯಾರ ಮಾತು ಕೇಳಬೇಕು?" ಎಂದನಂತೆ. ಉಸ್ತಾದರು ನಗದೆ, "ನೀ ತಡಾ ಒತ್ತಾಕತ್ತೀದಿ" ಎಂದರಂತೆ. ತಾವು ಬಿಗಿದ ನಟ್ಟನ್ನೇ ಮೂರು ಸಲ ಮುಟ್ಟಿ ನೋಡುವರು. ಗಾಡಿ ಹೊರಟು ತಿರುವು ದಾಟುವಷ್ಟರಲ್ಲಿ ಓಡಿಹೋಗಿ ನಿಲ್ಲಿಸಿ, ನಾಲ್ಕನೆಯ ಸಲ ನೋಡುವರು. ಅವರ ಬೆನ್ನ ಹಿಂದೆ ಡರ್‌ಪೋಕ್ ಉಸ್ತಾದ್ ಎಂದು ನಗುತ್ತಿದ್ದವರು, ತಮ್ಮ ಮನೆಯವರನ್ನು ಕೂಡಿಸಿಕೊಂಡು ಹೋಗುವ ಗಾಡಿಯಾದರೆ ಮಾತ್ರ ಅವರ ಹತ್ತಿರವೇ ತರುತ್ತಿದ್ದರು.

ಗ್ಯಾರೇಜು ಊರ ಹೊರಗಿತ್ತು, ಕಲ್ಮಲದ ರಸ್ತೆ ಊರು ಸೇರುವ ಕಡೆ. ಒಂದು ತಗಡಿನ ಮಾಡು, ಒಂದು ಬೇವಿನ ಮರ, ಮರದ ಕೆಳಗೆ ಯಾವುದೋ ಲಾರಿಯಿಂದ ಬಿಚ್ಚಿದ ಸೀಟು. ದೇವದುರ್ಗದಿಂದ ಬರಲಿ, ಮಾನ್ವಿಯಿಂದ ಬರಲಿ, ಗಾಡಿಗಳು ಅದರ ಮುಂದೆಯೇ ಹಾಯಬೇಕು.

ನಮ್ಮ ಕಾರು ಮಾವನವರ ಕಾಲದ್ದು. ಎರಡನೆಯ ಮಹಾಯುದ್ಧಕ್ಕೆ ಮೊದಲು ವಿಲಾಯತಿಯಲ್ಲಿ ತಯಾರಾದ, ಕಡುಹಸಿರು ಬಣ್ಣದ, ಆನೆಯ ಹಾಗೆ ಹಣೆ ಉಬ್ಬಿದ ಕಾರು. ನಮ್ಮವರು, ಅಂದರೆ ನನ್ನ ಗಂಡ, ಬುಧವಾರ ಅದರಲ್ಲಿ ದೇವದುರ್ಗಕ್ಕೂ ಶನಿವಾರ ಮಾನ್ವಿಗೂ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತ ನಿಂತವರು ಹಾಗೆಯೇ ಎಡಕ್ಕೆ ವಾಲಿದರು. ಲಕ್ವ. ಕೈ ಬಂತು, ಮಾತು ಬಂತು, ಎಡಗಾಲು ಅರ್ಧ ಮಾತ್ರ ಬಂತು. ಕೋಲು ಹಿಡಿದು ಅಂಗಳ ದಾಟುವರು, ಕ್ಲಚ್ಚು ಒತ್ತಲಾರರು. ಆಗಿನ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಬೇಕಿತ್ತು. ಕೋಲಿನವರಿಗೆ ಅಲ್ಲಿ ಜಾಗವೆಲ್ಲಿ?

ನಾಲ್ಕು ತಿಂಗಳು ಅವರು ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕೂತರು. ಮೊದಲು ಪೇಪರು ಓದುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಕೊನೆಗೆ ಕುರ್ಚಿಯನ್ನು ರಸ್ತೆಗೆ ಬೆನ್ನು ಮಾಡಿ ತಿರುಗಿಸಿಕೊಂಡರು. ಕಾರು ಮತ್ತೆ ಓಡದಿದ್ದರೆ ಇವರು ಆ ಕುರ್ಚಿಯಿಂದ ಏಳುವುದಿಲ್ಲ ಎಂದು ನನಗೆ ಖಚಿತವಾಗಿಬಿಟ್ಟಿತು.

"ನಾ ಡ್ರೈವಿಂಗ್ ಕಲೀತೀನ್ರೀ," ಎಂದೆ.

ಬಹಳ ದಿನಕ್ಕೆ ಮೊದಲ ಸಲ ತಿರುಗಿ ನೋಡಿದರು. "ನೀನು? ಸೈಕಲ್ ಬೆಲ್ ಕೇಳಿದ್ರ ಗಟಾರಕ್ಕ ಇಳಿಯಾಕಿ ನೀನು."

ಆದರೂ ಪಕ್ಕದಲ್ಲಿ ಕೂತು ಕಲಿಸಿದರು, ಬೈದರು, ಕೋಲಿನಿಂದ ಡ್ಯಾಶ್‌ಬೋರ್ಡು ಕುಟ್ಟಿದರು. ನಾನು ಹೆದರಿಕೆಗೆ ಎಡಗಾಲನ್ನು ಕ್ಲಚ್ಚಿನಿಂದ ಎತ್ತುತ್ತಲೇ ಇರಲಿಲ್ಲ. ಎರಡು ತಿಂಗಳಲ್ಲಿ ಕ್ಲಚ್ ಪ್ಲೇಟು ಸುಟ್ಟು ಕಾರು ನಿಂತಿತು. ಉಸ್ತಾದರು ಗೇರ್‌ಬಾಕ್ಸು ಇಳಿಸಿ, ಸುಟ್ಟ ಪ್ಲೇಟನ್ನು ತಂದು ನನ್ನ ಮುಂದೆ ಹಿಡಿದರು.

"ರೊಟ್ಟಿ ಸೀದಂಗ ಸೀದದ ನೋಡ್ರಿ. ಕಾಲಿಲೆ ಒತ್ತೀರೋ, ಒಲಿ ಮ್ಯಾಲ ಇಟ್ಟೀರೋ?"

ಆ ಕಾರಿಗೆ ಹೊಸ ಪ್ಲೇಟು ಎಲ್ಲಿಂದ ಬರಬೇಕು? ಹಳೆಯದಕ್ಕೇ ಹೈದರಾಬಾದಿನಿಂದ ಹೊಸ ಲೈನಿಂಗು ಹೊಡೆಸಿಕೊಂಡು ಬಂದರು. ಸ್ಪ್ರಿಂಗು, ಬೇರಿಂಗು ಹೊಸವು ಸಿಕ್ಕವು. ಎಲ್ಲ ಜೋಡಿಸಿ ಮುಗಿದ ಮೇಲೆ ಉಳಿದದ್ದು ಒಂದೇ ಕೆಲಸ, ಕ್ಲಚ್ಚು ಅಡ್ಜಸ್ಟ್ ಮಾಡುವುದು. ಉಸ್ತಾದರ ನಿಜವಾದ ಕೆಲಸ ಅಲ್ಲಿಂದ ಶುರು.

ಕ್ಲಚ್ ಪೆಡಲನ್ನು ಒತ್ತಿದಾಗ ಮೊದಲ ಒಂದು ಇಂಚು ಅದು ಖಾಲಿ ಹೋಗಬೇಕು, ಆಮೇಲೆ ಕಾಲಿಗೆ ಭಾರ ಸಿಗಬೇಕು. ಆ ಖಾಲಿ ಇಂಚಿಗೆ ಬೇರೆಯವರು ಪ್ಲೇ ಎನ್ನುತ್ತಿದ್ದರು. ಉಸ್ತಾದರು ಸಾಂಸ್ ಎನ್ನುತ್ತಿದ್ದರು, ಉಸಿರು. ಅದು ಇಲ್ಲದಿದ್ದರೆ, ನೀವು ಪೆಡಲಿನ ಮೇಲೆ ಕಾಲು ಇಡದಿದ್ದರೂ ಕ್ಲಚ್ಚು ಸ್ವಲ್ಪ ಒತ್ತಿದಂತೆಯೇ ಇರುತ್ತದೆ; ಪ್ಲೇಟು ಗಟ್ಟಿಯಾಗಿ ಹಿಡಿಯದೆ ಜಾರುತ್ತದೆ, ಜಾರಿ ಜಾರಿ ಸುಡುತ್ತದೆ. ಎಂಜಿನ್ನು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಉಳಿದ ಮೆಕ್ಯಾನಿಕ್ಕುಗಳು ಆ ಇಂಚನ್ನು ಸ್ಕೇಲು ಹಿಡಿದು ಅಳೆಯುವರು. ಉಸ್ತಾದರು ಅಳೆಯುತ್ತಿದ್ದದ್ದು ಅಂಗಾಲಿನಿಂದ.

"ಸ್ಕೇಲಿಗೆ ಪೆಡಲ್ ಎಷ್ಟು ಇಳೀತು ಅದು ಗೊತ್ತಾಗ್ತದ. ಒಳಗ ಎಲ್ಲಿ ಮುಟ್ತು, ಅದು ಅಂಗಾಲಿಗೇ ಗೊತ್ತಾಗೋದು."

ಹೂಜಿಯ ನೀರಿನಲ್ಲಿ ಎರಡೂ ಕಾಲು ತೊಳೆದು, ಅಂಗವಸ್ತ್ರದಲ್ಲಿ ಬೆರಳ ಸಂದಿಯೆಲ್ಲ ಒರೆಸಿಕೊಂಡು, ನಮಾಜಿಗೆ ನಿಲ್ಲುವವರಂತೆ ಮೌನವಾಗಿ ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ ಬರಿಗಾಲಿನಿಂದ ಪೆಡಲು ಒತ್ತುವರು. ಇಳಿದು ಕೆಳಗೆ ತೂರಿ ನಟ್ಟು ತಿರುಗಿಸುವರು. ಮತ್ತೆ ಬಂದು ಒತ್ತುವರು. ಮೂರು ಸಲಕ್ಕೆ ಮುಗಿಯುವ ಕೆಲಸ ಎಂದು ನಮ್ಮವರು ಹೇಳಿದ್ದರು. ಅಂದು ಉಸ್ತಾದರು ಹನ್ನೊಂದು ಸಲ ಹತ್ತಿ ಇಳಿದರು. ನಾನು ಬೇವಿನ ನೆರಳಲ್ಲಿ ನಿಂತು ಎಣಿಸುತ್ತಿದ್ದೆ. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ನನ್ನನ್ನು ಕರೆದರು, ಹಿಂದೆಂದೂ ಹಾಗೆ ಕರೆದವರಲ್ಲ.

"ಡಾಕ್ಟ್ರಮ್ಮಾ, ಒಮ್ಮೆ ನೀವು ಒತ್ತಿ ನೋಡ್ರಿ. ಸರಿ ಅನಸ್ತದೇನ್ರಿ?"

ನಾನು ಸ್ಯಾಂಡಲ್ಲು ಹಾಕಿಕೊಂಡೇ ಹತ್ತಿ ಒತ್ತಿದೆ. ಸರಿ ಎಂದರೇನು, ತಪ್ಪು ಎಂದರೇನು, ನನಗೇನು ಗೊತ್ತು? ಅಷ್ಟು ಹೊತ್ತು ಬಿಸಿಲಲ್ಲಿ ದುಡಿದ ಮನುಷ್ಯನಿಗೆ ಏನು ಹೇಳಬೇಕೆಂದು ಕಾನ್ವೆಂಟು ಕಲಿಸಿತ್ತೋ ಅದನ್ನು ಹೇಳಿದೆ.

"ಪರ್ಫೆಕ್ಟ್, ಉಸ್ತಾದ್. ಆಬ್ಸಲ್ಯೂಟ್ಲಿ ಪರ್ಫೆಕ್ಟ್."

ಅವರು ಇನ್ನೂ ಏನೋ ಕೇಳುವವರಂತೆ ನನ್ನ ಮುಖ ನೋಡಿ, ಕೇಳದೆ ಪಾನಾ ಒರೆಸಿಟ್ಟರು.

ಕ್ಲಚ್ಚು ಮಾಡಿದ ಗಾಡಿಯ ಮೊದಲ ದೂರದ ಪ್ರಯಾಣಕ್ಕೆ ತಾವೂ ಹಿಂದಿನ ಸೀಟಿನಲ್ಲಿ ಬರಿಗಾಲಿನಲ್ಲಿ ಕೂತು ಬರುವುದು ಅವರ ನೇಮ. ಹಾಗೆ ಮರುದಿನ, ಶನಿವಾರ, ನಾವು ಮೂವರು ಮಾನ್ವಿಗೆ ಹೊರಟೆವು. ನಮ್ಮವರು ಲಕ್ವ ಹೊಡೆದ ಮೇಲೆ ಮೊದಲ ಸಲ ಟೈ ಕಟ್ಟಿದ್ದರು.

ಕಲ್ಮಲ ದಾಟುವಾಗ ಏನೋ ಸುಟ್ಟ ವಾಸನೆ ಬಂತು. ಕೂದಲು ಸುಟ್ಟ ಹಾಗೆ.

"ಉಸ್ತಾದ್, ಏನೋ ಸ್ಮೆಲ್ ಬರ್ತಾ ಇದೆ ಅಲ್ವಾ?"

ಕನ್ನಡಿಯಲ್ಲಿ ನೋಡಿದೆ. ಅವರು ತಮ್ಮ ಎರಡು ಪಾದಗಳನ್ನೇ ನೋಡುತ್ತ ಕೂತಿದ್ದರು. ತಲೆ ಎತ್ತದೆ, "ಹೊಸಾ ಲೈನಿಂಗು ಹಂಗ ವಾಸನಿ ಬರ್ತದ್ರಿ," ಎಂದರು.

ಕಲ್ಲೂರಿನಲ್ಲಿ ಒಬ್ಬ ರೈತ ಎರಡೂ ಕೈ ಎತ್ತಿ ಕಾರಿಗೆ ಅಡ್ಡ ನಿಂತ. ಹಳೆಯ ರೋಗಿಯ ಮಗ. "ಯಪ್ಪಾ, ನೀವು ಬಂದ್ರೆಲ್ಲ! ನಮ್ಮವ್ವಗ ಮೂರು ದಿನದಿಂದ ಜ್ವರ ಇಳಿವಲ್ದು. ಕಾಲುವಿ ದಾಟಿದ್ರ ನಮ್ಮ ಮನಿ. ಬರ್ರಿ ಯಪ್ಪಾ." ನಮ್ಮವರ ಮುಖ ಅರಳಿದ್ದು ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

"ನಕ್ಕೋ ಸಾಬ್," ಎಂದರು ಉಸ್ತಾದರು ಹಿಂದಿನಿಂದ. "ಕಾಲುವಿ ಮ್ಯಾಲಿನ ಪೂಲು ಏರು ಅದ. ಹೊಸಾ ಕ್ಲಚ್ಚು. ಇವತ್ತು ನಕ್ಕೋ."

"ಏ ಉಸ್ತಾದ್, ನಿಮಗ ಮನಿ ಹೊಸ್ತಿಲಾನೂ ಏರೇ," ಎಂದು ನಮ್ಮವರು ನಕ್ಕರು. ರೈತನನ್ನು ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿಕೊಂಡು ಒಳದಾರಿಗೆ ತಿರುಗಿದೆವು.

ಸೇತುವೆ ಬಂತು. ಒಂಟೆಯ ಬೆನ್ನಿನ ಹಾಗೆ ಎದ್ದ ಕಿರಿದಾದ ಸೇತುವೆ, ಬದಿಗೆ ತಡೆಗೋಡೆ ಇಲ್ಲ. ಕೆಳಗೆ ಕಾಲುವೆಯ ನೀರು ದಂಡೆ ಸಮ ತುಂಬಿ, ಸದ್ದಿಲ್ಲದೆ, ಭಾರಿ ವೇಗದಲ್ಲಿ ಹೋಗುತ್ತಿತ್ತು. ಫಸ್ಟ್ ಗೇರಿಗೆ ಹಾಕಿದೆ. ಅರ್ಧ ಏರಿದೆವು. ಅಲ್ಲಿ ಎಂಜಿನ್ನು ಒಮ್ಮೆಲೇ ಚೀರಿತು, ಕಾರು ನಿಂತಿತು. ಆಕ್ಸಿಲರೇಟರು ಒತ್ತಿದಷ್ಟೂ ಚೀರಾಟ, ಮುಂದೆ ಒಂದಿಂಚೂ ಇಲ್ಲ. ಸುಟ್ಟ ಹೊಗೆ ಕಾಲ ಬುಡದಿಂದ ಎದ್ದಿತು. ಆಮೇಲೆ ಬಹಳ ಮೆಲ್ಲಗೆ, ತೊಟ್ಟಿಲು ತೂಗಿದಷ್ಟು ಮೆಲ್ಲಗೆ, ಕಾರು ಹಿಂದಕ್ಕೆ ಸರಿಯತೊಡಗಿತು.

ಬ್ರೇಕು ಒತ್ತಿದೆ. ಹಿಂದಕ್ಕೆ ಉರುಳುವಾಗ ಆ ಕಾರಿನ ಬ್ರೇಕಿಗೆ ಹಿಡಿತ ಕಡಿಮೆ ಎಂದು ನಮ್ಮವರು ನೂರು ಸಲ ಹೇಳಿದ್ದರು. ಹ್ಯಾಂಡ್‌ಬ್ರೇಕು ಎರಡೂ ಕೈಯಿಂದ ಎಳೆದೆ. ರೈತ ಕೆಳಗೆ ಹಾರಿಕೊಂಡ. ಕಾರಿನ ಹಿಂಭಾಗ ಬದಿಗೆ ತಿರುಗುತ್ತಿತ್ತು, ನೀರಿನ ಕಡೆ. ಪಕ್ಕದಲ್ಲಿ ನಮ್ಮವರು ಬಾಗಿಲಿನ ಹಿಡಿಕೆ ಹಿಡಿದಿದ್ದರು. ಆದರೆ ಆ ಕಾಲನ್ನು ಎತ್ತಿ ಹೊರಗಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. ಕಾನ್ವೆಂಟಿನ ಪ್ರಾರ್ಥನೆ ಹೇಲ್ ಮೇರಿ ಶುರು ಮಾಡಿದೆ, ಎರಡನೆಯ ಸಾಲು ಮರೆತುಹೋಯಿತು.

ಹಿಂದಿನ ಬಾಗಿಲು ಬಡಿದ ಸದ್ದು. "ಬ್ರೇಕ್ ಬಿಡಬ್ಯಾಡ್ರಿ! ಬಿಡಬ್ಯಾಡ್ರಿ ಅಮ್ಮಾ!" ಉಸ್ತಾದರು ಹಾರಿ, ದಾರಿಯ ಬದಿಯ ಒಂದು ಕಲ್ಲನ್ನು ಅಪ್ಪಿ ತಂದು ಹಿಂದಿನ ಗಾಲಿಗೆ ಕೊಟ್ಟರು. ಗಾಲಿ ಕಲ್ಲನ್ನು ಅರ್ಧ ಗೇಣು ತಳ್ಳಿಕೊಂಡು ಹೋಗಿ, ಗಕ್ಕನೆ ನಿಂತಿತು. ರೈತ ಇನ್ನೊಂದು ಕಲ್ಲು ತಂದ. ಅಂಚಿಗೂ ಗಾಲಿಗೂ ನಡುವೆ ಒಂದು ಸೇರು ಇಡುವಷ್ಟು ಜಾಗ ಉಳಿದಿತ್ತು.

ನಮ್ಮವರು ಮೆಲ್ಲಗೆ ಇಳಿದು, ಕೋಲೂರಿ ಕಾರಿನ ಸುತ್ತ ಬಂದು, ನೆಲ ನೋಡುತ್ತ ನಿಂತರು. ಸೇತುವೆಯ ಮೇಲೆ ಕೆಂಪು ಹೆಜ್ಜೆಗಳಿದ್ದವು.

"ಉಸ್ತಾದ್, ನಿಮ್ಮ ಕಾಲು."

"ಏನ್ರಿ ಸಾಬ್?"

"ಕಾಲು ನೋಡಿಕೊಳ್ರಿ."

ಉಸ್ತಾದರು ಬಲಗಾಲು ಎತ್ತಿ ನೋಡಿದರು. ಜಜ್ಜಿದ್ದು ಎಡಗಾಲು. ಕಲ್ಲು ಸರಿದಾಗ ಹೆಬ್ಬೆರಳು ಅದರಡಿ ಸಿಕ್ಕು ಉಗುರು ಕಿತ್ತು ಬಂದಿತ್ತು, ರಕ್ತ ಹರಿಯುತ್ತಿತ್ತು. ಆ ಮನುಷ್ಯ ಅದೇ ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದರು.

ನಮ್ಮವರು ತಮ್ಮ ಕರವಸ್ತ್ರದಿಂದ ಬೆರಳು ಕಟ್ಟಿದರು. ಆಮೇಲೆ ನನ್ನ ಕಡೆ ಕೈ ಚಾಚಿ, "ಸೀರಿ ಪಿನ್ ಕೊಡು" ಎಂದರು. ಉಸ್ತಾದರನ್ನು ಫುಟ್‌ಬೋರ್ಡಿನ ಮೇಲೆ ಕೂಡಿಸಿ, ಕಾಲು ಚಾಚಿಸಿ, "ಕಣ್ಣು ಮುಚ್ಚರಿ. ಚುಚ್ಚಿದಾಗ ಹಾಂ ಅನ್ರಿ" ಎಂದರು.

ಹಿಮ್ಮಡಿಗೆ ಚುಚ್ಚಿದರು. ಅಂಗಾಲಿನ ನಡುವೆ ಚುಚ್ಚಿದರು. ಬೆರಳುಗಳ ಬುಡಕ್ಕೆ ಒಂದೊಂದಾಗಿ ಚುಚ್ಚಿದರು. ಎರಡನೆಯ ಕಾಲಿಗೂ ಹಾಗೆಯೇ. ಮುಗಿಸಿ ಪಿನ್ನು ನನ್ನ ಕೈಗೆ ಕೊಟ್ಟರು. ಉಸ್ತಾದರು ಇನ್ನೂ ಕಣ್ಣು ಮುಚ್ಚಿಕೊಂಡೇ, ಪಾಠ ಒಪ್ಪಿಸಲು ಕಾದ ಮಗುವಿನಂತೆ ಮುಖ ಎತ್ತಿ ಕೂತಿದ್ದರು.

"ಶುರು ಮಾಡ್ರಿ ಸಾಬ್," ಎಂದರು.

ನಾನು ನೀರಿನ ಕಡೆ ಮುಖ ತಿರುಗಿಸಿದೆ.

"ಎಷ್ಟು ದಿನದಿಂದ ಹಿಂಗ?" ನಮ್ಮವರು ಕೇಳಿದರು.

ಉಸ್ತಾದರಿಗೆ ಆಗ ಅರ್ಥವಾಯಿತು. "ಎರಡು ಮಳಿಗಾಲ ಆತ್ರಿ. ಮೊದಲ ಚುಮುಚುಮು ಅಂತಿತ್ತು. ಆಮ್ಯಾಲ ಹತ್ತಿ ಮ್ಯಾಲ ನಡದಂಗ. ಒಂದೊಂದ್ಸಲ ಚಪ್ಪಲಿ ದಾರ್‍ಯಾಗ ಬಿದ್ದು, ಮನಿ ಮುಟ್ಟಿದ ಮ್ಯಾಲ ಹೆಂಡ್ತಿ ಹೇಳ್ತಾಳ."

"ಇದು ಸಕ್ಕರಿ ಬ್ಯಾನಿ ಉಸ್ತಾದ್. ಯಾಕ ಹೇಳ್ಲಿಲ್ಲ?"

"ಹೇಳಿದ್ರ ಯಾರು ಗಾಡಿ ಕೊಡ್ತಾರ ಸಾಬ್?" ತಲೆ ತಗ್ಗಿಸಿದರು. "ಅದಕ್ಕೇ ಹನ್ನೊಂದು ಸಲ ನೋಡಿದೆ. ಅದಕ್ಕೇ ಡಾಕ್ಟ್ರಮ್ಮನ್ನೂ ಕೇಳಿದೆ."

ಪೆಡಲಿನ ಹಗುರ ಭಾರ ಎಲ್ಲಿ ಶುರುವಾಗುತ್ತದೆ ಎಂಬುದು ಅವರ ಅಂಗಾಲಿಗೆ ತಿಳಿದಿರಲಿಲ್ಲ. ಪೂರಾ ಭಾರ ಬಿದ್ದ ಮೇಲೆ ಮೊಣಕಾಲಿಗೆ ತಿಳಿದಿತ್ತು. ಅಲ್ಲಿಯವರೆಗಿನದೆಲ್ಲ ಖಾಲಿ ಎಂದುಕೊಂಡು ನಟ್ಟು ಬಿಗಿಯುತ್ತ ಹೋಗಿದ್ದರು. ಅವರು ಬಿಟ್ಟೆನೆಂದುಕೊಂಡ ಇಂಚು ಅಲ್ಲಿ ಇರಲೇ ಇಲ್ಲ. ಇದ್ದದ್ದು ನನ್ನ ಪರ್ಫೆಕ್ಟ್ ಒಂದೇ. ಎರಡು ವರ್ಷದಿಂದ ಊರು ನಗುತ್ತಿದ್ದ ಆ ಮೂರು ಸಲ, ನಾಲ್ಕು ಸಲ ಮುಟ್ಟಿ ನೋಡುವುದರಲ್ಲಿ ಎಷ್ಟು ಹಳೆಯ ಅಭ್ಯಾಸ, ಎಷ್ಟು ಈ ಗುಟ್ಟು ಎಂದು ನನಗೆ ಇವತ್ತಿಗೂ ಬಿಡಿಸಲಾಗಿಲ್ಲ.

ನಮ್ಮವರು ರೈತನ ಹೆಗಲು ಹಿಡಿದು, ಕೋಲೂರುತ್ತ, ಆ ಏರನ್ನು ನಡೆದೇ ದಾಟಿ ಅವನ ತಾಯಿಯನ್ನು ನೋಡಲು ಹೋದರು. ಲಕ್ವ ಹೊಡೆದ ಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು. ಸೇತುವೆಯ ಮೇಲೆ ನಾನು, ಉಸ್ತಾದರು, ಕಾರು.

"ನಟ್ಟು ಸಡಿಲ ಮಾಡಬೇಕ್ರಿ," ಎಂದರು ಅವರು. "ನನ್ನ ಕಾಲಿಗೆ ತಿಳಿಯಂಗಿಲ್ಲ. ನೀವು ಹತ್ತರಿ. ಚಪ್ಪಲಿ ಬಿಚ್ಚರಿ."

"ನನಗೆ ಬರೋಲ್ಲ ಉಸ್ತಾದ್. ಪ್ಲೀಸ್."

"ಬರೋದೇನದ ಅದರಾಗ? ಕಣ್ಣು ಮುಚ್ಚಿ ಮೆತ್ತಗ ಒತ್ತರಿ. ಎಲ್ಲಿ ಭಾರ ಹತ್ತತದ, ಅಲ್ಲಿ ಹಾಂ ಅನ್ರಿ. ಸುಳ್ಳು ಮಾತ್ರ ಹೇಳಬ್ಯಾಡ್ರಿ. ನಿನ್ನಿನಂಗ ನನಗ ಖುಷಿ ಆಗಲಿ ಅಂತ ಹೇಳಬ್ಯಾಡ್ರಿ."

ಹಾಗೆಂದು ಅವರು ಕಾರಿನ ಕೆಳಗೆ ತೂರಿದರು.

ಗೇರಿನಲ್ಲಿ ನಿಲ್ಲಿಸೋಣವೆಂದರೆ ಜಾರುವ ಕ್ಲಚ್ಚು ಕಾರನ್ನು ಹಿಡಿಯುವುದಿಲ್ಲ. ಸೋತ ಹ್ಯಾಂಡ್‌ಬ್ರೇಕು, ಎರಡು ಕಲ್ಲು, ನನ್ನ ಬಲಗಾಲು. ಬಲಗಾಲು ಬ್ರೇಕನ್ನು ಮೈಯೆಲ್ಲ ಬಲ ಹಾಕಿ ಒತ್ತಬೇಕು, ಎಡಗಾಲು ಕ್ಲಚ್ಚನ್ನು ನಿದ್ದೆಯಲ್ಲಿರುವ ಮಗುವಿನ ಕೆನ್ನೆ ಮುಟ್ಟಿದಂತೆ ಒತ್ತಬೇಕು. ಬಲ ತಪ್ಪಿದರೆ ಕೆಳಗೆ ಮನುಷ್ಯ. ನನ್ನ ಎರಡೂ ತೊಡೆ ನಡುಗುತ್ತಿದ್ದವು. ನಡುಗುವ ಕಾಲಿಗೆ ಹಗುರ ಭಾರ ಹೇಗೆ ತಿಳಿಯಬೇಕು?

ಒತ್ತಿದೆ. ಮುಟ್ಟಿದ ಕೂಡಲೇ ಭಾರ. "ಹಾಂ."

ಕೆಳಗೆ ಪಾನಾ ತಿರುಗಿದ ಸದ್ದು. "ಮತ್ತ."

"ಹಾಂ."

"ಮತ್ತ."

ಎಷ್ಟೋ ಸಲದ ಮೇಲೆ ಪೆಡಲು ಮೊದಲ ಬಾರಿಗೆ ಖಾಲಿ ಇಳಿಯಿತು. ಒಂದು ಬೆರಳಷ್ಟು. ಆಮೇಲೆ ಬಾಗಿಲಿನ ಆಚೆ ಯಾರೋ ನಿಂತಿದ್ದಾರೆ ಅನ್ನಿಸುವ ಹಾಗೆ ಒಂದು ತಡೆ. "ಹಾಂ," ಎಂದೆ. "ಖರೇನ?" ಎಂದರು ಅವರು. "ಇರಿ, ಇನ್ನೊಮ್ಮೆ ನೋಡ್ತೀನಿ." ಇನ್ನೊಮ್ಮೆ ನೋಡಿದೆ. ಮತ್ತೊಮ್ಮೆ. ಕೆಳಗಿನಿಂದ ಅವರು ಅವಸರ ಮಾಡಲಿಲ್ಲ.

ಕ್ಲಚ್ಚಿನ ಬಿಸಿ ಆರಿದ ಮೇಲೆ ನಾನೇ ಕಾರನ್ನು ಆ ಏರು ದಾಟಿಸಿದೆ. ಉಸ್ತಾದರು ಕಲ್ಲು ಹಿಡಿದು ಗಾಲಿಯ ಹಿಂದೆ ಕುಂಟುತ್ತ ಬಂದರು.

ಅಲ್ಲಿಂದ ಬುಧವಾರ ದೇವದುರ್ಗ, ಶನಿವಾರ ಮಾನ್ವಿ ಮತ್ತೆ ಶುರುವಾದವು, ಹತ್ತು ವರ್ಷಕ್ಕೂ ಮೇಲೆ ನಡೆದವು. ಬೆತ್ತದ ಕುರ್ಚಿ ಅಟ್ಟ ಸೇರಿತು. ಉಸ್ತಾದರಿಗೆ ನಮ್ಮವರು ಔಷಧ ಹಿಡಿಸಿದರು, ಸಿಹಿ ಬಿಡಿಸಿದರು, ಎರಡು ಸಲ ಕಾಲು ಉಳಿಸಿದರು. ಆದರೆ ಹೋದ ಸ್ಪರ್ಶ ಬರಲಿಲ್ಲ. ಹೀಗಾಗಿ ಕ್ಲಚ್ಚಿನ ಕೆಲಸ ಬಂದಾಗ ಗ್ಯಾರೇಜಿನಿಂದ ನಮ್ಮ ಮನೆಗೆ ಹೇಳಿಕಳಿಸುವರು: "ಡಾಕ್ಟ್ರಮ್ಮನ ಕಾಲು ಸ್ವಲ್ಪ ಬೇಕಾಗಿತ್ತಂತ್ರಿ." ನಾನು ಹೋಗಿ ಹೂಜಿಯ ನೀರಿನಲ್ಲಿ ಕಾಲು ತೊಳೆದು, ಜೀಪೋ ವ್ಯಾನೋ ಹತ್ತಿ, ಕಣ್ಣು ಮುಚ್ಚಿ ಹಾಂ ಎನ್ನುವುದು. ಊರಿಗೆ ಹೊಸ ನಗೆ ಸಿಕ್ಕಿತು. "ಡಾಕ್ಟರ್ ಮನಿ ಸೊಸಿ ಇಂಗ್ಲಿಷ್ ಶಾಲಿ ಕಲ್ತು ಲಾರ್‍ಯಾಗ ಕುಂತು ಹಾಂ ಹಾಂ ಅಂತಾಳಂತ" ಎಂದು ಅತ್ತೆಯ ಕಿವಿಗೂ ಬಿತ್ತು. ಅತ್ತೆ ನನ್ನನ್ನು ಕರೆದು ಗಂಭೀರವಾಗಿ, "ಲಾರಿ ಹತ್ತಾಗ ಸೀರಿ ನೆರಿಗಿ ಮ್ಯಾಲ ಹಿಡ್ಕೋ ಯವ್ವಾ, ತೊಡಕ್ಯಾತು" ಎಂದರು, ಅಷ್ಟೇ.

ಒಂದು ಮದುವೆಯ ಜೀಪಿನ ಮಾತು ಹೇಳಿ ಮುಗಿಸುತ್ತೇನೆ. ದೇವದುರ್ಗಕ್ಕೆ ಹೋಗಿ ಸಂಜೆಗೆ ತಿರುಗಿ ಬರಬೇಕಿದ್ದ ಹೆಣ್ಣಿನ ಕಡೆಯವರು. ಹೊಸ ಪ್ಲೇಟು ಹಾಕಿ ಆಗಿತ್ತು, ನಾನು ಒತ್ತಿ ಹಾಂ ಎಂದಿದ್ದೆ, ಉಸ್ತಾದರು ಬಿಗಿದಿದ್ದರು. ಗುರುತಿನ ಜನ, ಜೀಪಿನ ತುಂಬ ನಗು. ಉಸ್ತಾದರು ಹಿಂದೆ ಕೂಡಲು ಹೋದರೆ ಅಲ್ಲಿ ಒಂದು ಮಗುವಿಗೂ ಜಾಗವಿರಲಿಲ್ಲ. ಧೂಳೆಬ್ಬಿಸಿ ಹೊರಟುಹೋಯಿತು. ಅದು ತಿರುವು ದಾಟಿದ ಮೇಲೆ ನನಗೆ ನೆನಪಾಯಿತು: ಬೆಳಿಗ್ಗೆ ಮನೆಯಲ್ಲಿ ಬಹಳ ಹೊತ್ತು ನೆಲದ ಮೇಲೆ ಕಾಲು ಮಡಿಸಿ ಕೂತಿದ್ದೆ. ಇಲ್ಲಿಗೆ ಬಂದಾಗ ಎಡಗಾಲು ಜೋಮು ಹಿಡಿದಿತ್ತೇ? ಪೂರಾ ಬಿಟ್ಟಿತ್ತೇ?

"ಉಸ್ತಾದ್, ನನ್ನ ಕಾಲು..." ಎಂದೆ.

ಅವರು ಬೇವಿನ ಕೆಳಗಿನ ಲಾರಿ ಸೀಟಿನ ಮೇಲೆ ಹೋಗಿ ಕೂತು, ಒಂದು ಬದಿಗೆ ಸರಿದರು.

"ಕುಂದರ್ರಿ ಡಾಕ್ಟ್ರಮ್ಮಾ. ನಾ ದಿನಾ ಇಲ್ಲೇ ಕುಂದರೋದು."

ಕೂತೆ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಏಳಲಿಲ್ಲ. ಒಂದೊಂದು ಗಾಡಿ ಬಂದಾಗಲೂ ನಾನು ಕತ್ತು ಚಾಚಿ ನೋಡುತ್ತಿದ್ದೆ. ನೆರಳು ಮರದ ಆಚೆ ಬದಿಗೆ ಹೋಯಿತು. ಎಮ್ಮೆಗಳು ಹಿಂದಿರುಗಿದವು. ಬಿಸಿಲು ಕೆಂಪಾಗುವ ಹೊತ್ತಿಗೆ ಉಸ್ತಾದರು ನನಗಿಂತ ಮೊದಲೇ ತಲೆ ಎತ್ತಿದರು. ಜೀಪು ಬಂತು, ನಿಲ್ಲಲಿಲ್ಲ. ಒಳಗಿದ್ದವರು ಸೋಬಾನ ಹೇಳುತ್ತಿದ್ದರು. ಯಾರೂ ನಮ್ಮ ಕಡೆ ನೋಡಲಿಲ್ಲ. ಉಸ್ತಾದರ ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಅಂದುಕೊಂಡೆ. ಅವರು ತಲೆ ಎಣಿಸುತ್ತಿದ್ದರು. ನಾನೂ ಎಣಿಸಿದೆ.

"ಹದಿನಾಲ್ಕು. ಹೋಗುವಾಗೂ ಅಷ್ಟೇ ಇದ್ರು," ಎಂದರು.

"ಹದಿಮೂರು!" ಎಂದು ನಾನು ಎದ್ದು ನಿಂತುಬಿಟ್ಟೆ. "ಉಸ್ತಾದ್, ಹದಿಮೂರೇ ಇದ್ರು!"

"ಡ್ರೈವರನ್ನ ಬಿಟ್ರಿ ನೀವು," ಎಂದರು ಅವರು, ಅಂಗವಸ್ತ್ರ ಕೊಡವಿ ಏಳುತ್ತ. "ಯಾವಾಗ್ಲೂ ಮೊದಲ ಡ್ರೈವರನ್ನ ಎಣಿಸ್ಬೇಕ್ರಿ."

ಬುಧವಾರ, ಶನಿವಾರ ನಮ್ಮ ಕಾರಿನಲ್ಲಿ ಅವರು ಎಣಿಸುತ್ತಿದ್ದದ್ದು ಇಬ್ಬರನ್ನೇ, ಮೊದಲು ನನ್ನನ್ನು. ಅಷ್ಟು ವರ್ಷ ಆ ಮರದ ಮುಂದೆ ಹಾದುಹೋಗುವಾಗ ನಾನು ರಸ್ತೆ ಬಿಟ್ಟು ಬೇರೆ ಕಡೆ ನೋಡಿದವಳಲ್ಲ.